ಪುಸ್ತಕದಂಗಡಿಯ ಬೆಂಚಿನ ಮೇಲೆ ಏಳು ರಾತ್ರಿ

ಪ್ಯಾರಿಸ್‌ನ ಶೇಕ್ಸ್‌ಪಿಯರ್ ಆ್ಯಂಡ್ ಕಂಪನಿ ಎಂಬ ಪುಸ್ತಕದಂಗಡಿಯಲ್ಲಿ ಬಾಡಿಗೆ ಕೊಡದೆ ಉಳಿಯಬಹುದು ಎಂದು ಕೇಳಿ ಹೊರಡುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ನಿಮಗೆ ಅಂತ ರೂಮು ಇರುವುದಿಲ್ಲ. ಹಗಲು ಗಿರಾಕಿಗಳು ಕೂರುವ ಬೆಂಚೇ ರಾತ್ರಿ ನಿಮ್ಮ ಮಂಚ. ಅಂಗಡಿ ಮುಚ್ಚುವವರೆಗೆ ಮಲಗುವಂತಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಹೊದಿಕೆ ಮಡಚಿಟ್ಟು ಆಗಿರಬೇಕು. ನಾನು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಹೋಗಿ ಪೇಚಿಗೆ ಸಿಕ್ಕಿದೆ. ಒಂದು ಬೆನ್ನುಚೀಲ ಸಾಕು, ನಿಜ.

ನೋತ್ರ್ ದಾಮ್ ಚರ್ಚಿನ ಎದುರು, ಸೀನ್ ನದಿಯ ಎಡದಂಡೆಯಲ್ಲಿದೆ ಅಂಗಡಿ. ಸಾಂ ಮಿಶೆಲ್ ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು. ಜಾರ್ಜ್ ವಿಟ್ಮನ್ ಎಂಬ ಅಮೆರಿಕದವರು 1951ರಲ್ಲಿ ಇದನ್ನು ಶುರು ಮಾಡಿದರು. ಹರೆಯದಲ್ಲಿ ಲ್ಯಾಟಿನ್ ಅಮೆರಿಕ ಸುತ್ತುವಾಗ ಗುರುತಿಲ್ಲದ ಜನ ಅವರಿಗೆ ಅನ್ನ, ಆಸರೆ ಕೊಟ್ಟಿದ್ದರಂತೆ. ಆ ಋಣ ತೀರಿಸಲೋ ಏನೋ, ತಮ್ಮ ಅಂಗಡಿಯಲ್ಲೂ ಬಂದವರಿಗೆ ಜಾಗ ಕೊಟ್ಟರು. ಇಲ್ಲಿಯವರೆಗೆ 30,000ಕ್ಕೂ ಹೆಚ್ಚು ಜನ ಹೀಗೆ ಮಲಗಿ ಎದ್ದಿದ್ದಾರೆ. ಇವರನ್ನು ‘ಟಂಬಲ್‌ವೀಡ್’ ಎನ್ನುತ್ತಾರೆ, ಅಂದರೆ ಗಾಳಿ ತಳ್ಳಿದತ್ತ ಉರುಳಿಕೊಂಡು ಹೋಗುವ ಒಣಗಿಡ. ಜಾರ್ಜ್ 2011ರಲ್ಲಿ ತೀರಿಕೊಂಡರು. ಈಗ ಮಗಳು ಸಿಲ್ವಿಯಾ ನೋಡಿಕೊಳ್ಳುತ್ತಾರೆ.

ಷರತ್ತು ಮೂರೇ. ದಿನಕ್ಕೆ ಒಂದೆರಡು ಗಂಟೆ ಕೆಲಸ, ದಿನಕ್ಕೊಂದು ಪುಸ್ತಕ ಓದುವುದು, ಹೊರಡುವ ಮೊದಲು ಒಂದು ಪುಟದಲ್ಲಿ ನಿಮ್ಮ ಬದುಕಿನ ಕತೆ ಬರೆದುಕೊಡುವುದು. ಕೆಲಸ ಕಷ್ಟದ್ದಲ್ಲ. ಪುಸ್ತಕ ಜೋಡಿಸುವುದು, ಗುಡಿಸುವುದು, ಹೊರಗಿಟ್ಟ ಪೆಟ್ಟಿಗೆಗಳನ್ನು ಸಂಜೆ ಒಳಗೆ ಸಾಗಿಸುವುದು. ಕೈಗಿಂತ ಸೊಂಟಕ್ಕೆ ಜಾಸ್ತಿ ಕೆಲಸ. ಓದುವುದೇ ಕಷ್ಟ. ಮೂರನೆಯ ದಿನದಿಂದ ನಾನು ಬೆನ್ನು ಸಣ್ಣಗಿರುವ ಪುಸ್ತಕಗಳನ್ನೇ ಹುಡುಕತೊಡಗಿದೆ. ಮಹಡಿಯ ಗ್ರಂಥಾಲಯದ ಪುಸ್ತಕಗಳು ಮಾರಾಟಕ್ಕಲ್ಲ, ಅಲ್ಲೇ ಕೂತು ಓದಬಹುದು.

ಸ್ನಾನದ ಮಾತು ಯಾರೂ ಮೊದಲೇ ಹೇಳುವುದಿಲ್ಲ, ಅಲ್ವಾ? ಪ್ಯಾರಿಸ್ ನಗರಪಾಲಿಕೆಯ ಸಾರ್ವಜನಿಕ ಸ್ನಾನಗೃಹಗಳಿವೆ, ದುಡ್ಡು ಕೊಡಬೇಕಿಲ್ಲ. ಟವೆಲ್, ಸೋಪು ನಿಮ್ಮದೇ ಇರಲಿ. ಕೆಲವು ದಿನ ರಜೆ ಇರುತ್ತದೆ, ವೇಳೆ ನೋಡಿಕೊಂಡು ಹೋಗಿ. ಊಟಕ್ಕೆ ಬ್ರೆಡ್ಡು, ಮನೆಯಿಂದ ಒಯ್ದ ಚಟ್ನಿಪುಡಿ. ಕೊನೆಕೊನೆಗೆ ಆ ಪುಡಿಗೆ ಪಾಲುದಾರರು ಜಾಸ್ತಿಯಾದರು.

ವೀಸಾ ವಿಷಯದಲ್ಲಿ ಮಾತ್ರ ಹುಡುಗಾಟ ಬೇಡ. ಷೆಂಗೆನ್ ವೀಸಾದ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿಗೆ ಉಳಿಯುವ ಜಾಗದ ದಾಖಲೆ, ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಬೇಕೇ ಬೇಕು. ‘ಅಂಗಡಿಯಲ್ಲಿ ಮಲಗುತ್ತೇನೆ’ ಎಂದರೆ ನಡೆಯುವುದಿಲ್ಲ. ನಾನು ಹಾಸ್ಟೆಲ್ ಕಾಯ್ದಿರಿಸಿಕೊಂಡೇ ಹೋಗಿ, ಆಮೇಲೆ ಅಂಗಡಿಯಲ್ಲಿ ಕೇಳಿದೆ. ಮೊದಲ ದಿನ ಜಾಗವಿರಲಿಲ್ಲ. ಎರಡು ದಿನ ಬಿಟ್ಟು ಸಿಕ್ಕಿತು. ಸಿಗದಿದ್ದರೂ ರಾತ್ರಿ ಕಳೆಯುವಷ್ಟು ದುಡ್ಡು ಕೈಯಲ್ಲಿರಲಿ.

ಮತ್ತೆ, ಅಲ್ಲಿ ಕೂತು ಕಾದಂಬರಿ ಮುಗಿಸುತ್ತೇನೆ ಎಂದುಕೊಂಡಿದ್ದರೆ ಬಿಟ್ಟುಬಿಡಿ. ಏಳು ದಿನದಲ್ಲಿ ನಾನು ಪೂರ್ತಿ ಮಾಡಿದ್ದು ಆ ಒಂದು ಪುಟವನ್ನು ಮಾತ್ರ. ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ಅಜ್ಜಿಯ ವಿಷಯ ಬಂದಲ್ಲಿಂದ ಕನ್ನಡಕ್ಕೆ ಹೊರಳಿತು. ಹಾಗೇ ಕೊಟ್ಟು ಬಂದೆ.