ಕನ್ನಡ ಹಿಡಿಸ್ಬೇಕು ಅಂದ್ರೆ ಬಲೂನ್ ದೊಡ್ಡದಿರ್ಬೇಕು

ಅನುಕರಣಾವ್ಯಯ, ಅಂದ್ರೆ ಸದ್ದನ್ನ ಅನುಕರಿಸೋ ಪದಗಳು, ಆ ಪಾಠ ಅಂದ್ರೆ ಪ್ರತಿ ವರ್ಷ ಅದೇ ಧಗಧಗ, ಚುರುಚುರು, ದಬದಬ, ನಾನು ಬೋರ್ಡ್ ಮೇಲೆ ಬರೀತಿದ್ದೆ ಮಕ್ಳು ಕಾಪಿ ಮಾಡ್ಕೊಳ್ತಿದ್ರು ಮುಗೀತು. ಈ ಸಲ ಕಾಮಿಕ್ಸ್ ಮಾಡ್ಸೋಣ ಅಂತ ಹೊರಟೆ, ಯಾಕಂದ್ರೆ ಬಾಗಿಲು ಧಡಾರ್ ಅನ್ನೋದು, ಒಗ್ಗರಣೇಲಿ ಸಾಸಿವೆ ಚಟಪಟ ಅನ್ನೋದು ಎಲ್ಲಾ ಅಲ್ಲಿ ಚಿತ್ರದ ಮೇಲೇ ಬರೀಬೇಕು, ಈ ವ್ಯಾಕರಣಕ್ಕೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿದೆ ಹೇಳಿ.

ಮೊದ್ಲು ಕಾಮಿಕ್ ಮಾಡೋಕಂತ್ಲೇ ಇರೋ ಸೈಟ್‌ಗಳನ್ನ ನೋಡ್ದೆ. ಗೊಂಬೆ ತಂದು ಕೂರ್ಸೋದು, ಮುಖದ ಭಾವ ಬದಲಾಯ್ಸೋದು ಎಲ್ಲಾ ಸಲೀಸು, ತೊಡಕಿರೋದು ಅಕ್ಷರದಲ್ಲಿ. ನಾನು ನೋಡಿದ ಕಾಮಿಕ್ ಫಾಂಟ್‌ಗಳಲ್ಲಿ ಕನ್ನಡಾನೇ ಇರ್ಲಿಲ್ಲ, ಪಾತ್ರಗಳ ಮಾತು ಬರೆಯೋ ಬಲೂನ್ ಅಳತೆ ಪೂರ್ತಿ ಇಂಗ್ಲಿಷ್‌ಗೆ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯತ್ತೆ, ಗುಡಿಸು ಮೇಲೆ ಏರತ್ತೆ, ಒಂದು ಸಾಲು ಇನ್ನೊಂದಕ್ಕೆ ತಾಗತ್ತೆ, 'ಹೇಳ್ಬೇಕಾಗಿತ್ತಲ್ವಾ' ಅನ್ನೋ ಒಂದೇ ಪದ ಇಡೀ ಸಾಲು ತಿನ್ನತ್ತೆ. ಕೂಗಾಟ ತೋರ್ಸೋಕೆ ಅವ್ರಿಗೆ ಕ್ಯಾಪಿಟಲ್ ಲೆಟರ್ಸ್ ಇದೆ, ನಮಗೆ ದಪ್ಪ ಅಕ್ಷರಾನೇ ಗತಿ.

ಕೊನೆಗೆ ಗೂಗಲ್ ಸ್ಲೈಡ್ಸೇ ಸರಿ ಅನ್ನಿಸ್ತು. ಶೇಪ್ಸ್ ಒಳಗೆ ಕಾಲ್‌ಔಟ್ಸ್ ಅಂತ ಬಲೂನ್‌ಗಳಿವೆ, ಎಷ್ಟು ಬೇಕೋ ಅಷ್ಟು ಎಳೀಬಹುದು. ಫಾಂಟ್‌ಗೆ ಬಲೂ ತಮ್ಮ 2, ಏಕ್ ಟೈಪ್ ಅವ್ರು ಮಾಡಿರೋದು, ಫ್ರೀ, ದುಂಡಗೆ ಮುದ್ದಾಗಿದೆ, ಮಾಮೂಲಿಯಿಂದ ತುಂಬಾ ದಪ್ಪದವರೆಗೂ 5 ಥರ ಸಿಗತ್ತೆ. ಲೈನ್ ಸ್ಪೇಸಿಂಗ್ ಮಾತ್ರ ಸ್ವಲ್ಪ ಜಾಸ್ತಿ ಇಡಿ.

ರೆಡಿ ಹಿನ್ನೆಲೆಗಳಲ್ಲಿ ನಮ್ಮೂರು ಎಲ್ಲೂ ಇಲ್ಲ, ಅದಕ್ಕೇ ಮಲ್ಲೇಶ್ವರಂ 8ನೇ ಕ್ರಾಸು, ಸ್ಯಾಂಕಿ ಕೆರೆ ಏರಿ, ಬಸ್‌ಸ್ಟಾಪು ಎಲ್ಲಾ ಫೋಟೋ ತೆಗೆದು ಹಾಕಿದ್ವಿ.

ಆಗ ಒಬ್ಬ ಹುಡುಗಿ ಕೇಳಿದ್ಲು, ಮಿಸ್ ಪುಸ್ತಕದ ಕನ್ನಡದಲ್ಲೇ ಬರೀಬೇಕಾ ಅಂತ. ಬಲೂನ್ ಒಳಗೆ ಮಾತಾಡೋ ಥರ, ಚಿತ್ರದ ಕೆಳಗೆ ಕಥೆ ಹೇಳೋ ಚೌಕದಲ್ಲಿ ಪುಸ್ತಕದ ಥರ ಬರಿ ಅಂದೆ, ಆಮೇಲೆ ಇಡೀ ಕ್ಲಾಸಿಗೆ ಅದೇ ರೂಲ್ ಆಯ್ತು. 'ಯಶವಂತಪುರ ಬರ್ತೀರಾ ಅಣ್ಣಾ?' 'ಒನ್ ಅಂಡ್ ಹಾಫ್ ಕೊಡಮ್ಮ' (ಮೀಟರಿನ ಒಂದೂವರೆ ಪಟ್ಟು) ಅಂತ ಬಲೂನು, ಕೆಳಗೆ 'ಆಟೋ ಬುರ್ರನೆ ಹೊರಟುಹೋಯಿತು'. ನನ್ನ ಕ್ಲಾಸಲ್ಲಿ ಮನೇಲಿ ತಮಿಳು, ತೆಲುಗು, ಉರ್ದು ಆಡೋ ಮಕ್ಳೇ ಜಾಸ್ತಿ, ಪ್ರಬಂಧ ಅಂದ್ರೆ ಎರಡು ಸಾಲಿಗೆ ಪೆನ್ ಇಡೋರು, ಆದ್ರೆ ಬೀದೀಲಿ ಅವ್ರಾಡೋ ಕನ್ನಡ ಎಷ್ಟು ಚುರುಕಾಗಿದೆ ಅಂತ ನನಗೆ ಗೊತ್ತಾಗಿದ್ದು ಈ ಬಲೂನ್‌ಗಳಿಂದ. ಅದೇ ಮಾತನ್ನ ಕೆಳಗಿನ ಚೌಕಕ್ಕೆ ಅವ್ರೇ ತಿರುಗಿಸಿ ಬರೆದಾಗ 'ಹೋಗ್ತಾನೆ' ಹೇಗೆ 'ಹೋಗುತ್ತಾನೆ' ಆಗತ್ತೆ ಅಂತ ನಾನು ಬೇರೆ ಹೇಳ್ಬೇಕಾಗ್ಲೇ ಇಲ್ಲ. ಸಾಫ್ಟ್‌ವೇರ್ ಯಾವುದಾದ್ರೂ ಇರ್ಲಿ, ನನ್ ಪ್ರಕಾರ ಈ ಎರಡು ಜಾಗ ಬೇರೆಬೇರೆ ಇಟ್ಟಿದ್ದೇ ನಿಜವಾಗಿ ಕೆಲ್ಸ ಮಾಡಿದ್ದು.

ಕನ್ನಡ ಟೀಚರ್ಸ್ ಯಾರಿಗಾದ್ರೂ ಟೆಂಪ್ಲೇಟ್ ಬೇಕಿದ್ರೆ ಕೇಳಿ, ಖಂಡಿತ ಕಳಿಸ್ತೀನಿ. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟಲ್ಲಿ ಟೈಪ್ ಮಾಡಿಟ್ಟಿರೋದನ್ನ ಹಾಗೇ ಪೇಸ್ಟ್ ಮಾಡ್ಬೇಡಿ, ಯೂನಿಕೋಡ್‌ಗೆ ಬದಲಾಯಿಸ್ಕೊಂಡು ಹಾಕಿ, ಇಲ್ಲಾಂದ್ರೆ ಬಲೂನ್ ತುಂಬಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ವೆ.