ಒಣಗಿಸಿ ಹಾಳು ಮಾಡಿದ ಒಂದು ಹಂಗಾಮಿನ ಶೇಂಗಾ

ನಾನು ಶೇಂಗಾ ತಳಿ ಅಭಿವೃದ್ಧಿ ತಂಡದಲ್ಲಿ ಫೀಲ್ಡ್ ಅಸಿಸ್ಟೆಂಟ್. ಕೆಲಸಕ್ಕೆ ಸೇರಿದ ಎರಡನೇ ವರ್ಷ ಮಾಡಿದ ತಪ್ಪೊಂದನ್ನು ಹೊಸಬರಿಗೆಲ್ಲ ಹೇಳುತ್ತೇನೆ.

ಟಿಎಂವಿ-2 ತಳಿಯ ತರಹದ ಸ್ಪ್ಯಾನಿಶ್ ಬಂಚ್, ಅಂದರೆ ಹಬ್ಬದೆ ಗುಂಪಾಗಿ ನೆಟ್ಟಗೆ ಬೆಳೆಯುವ ಶೇಂಗಾ ಬೀಜಕ್ಕೆ ನಿದ್ದೆ, ಅಂದರೆ ಸುಪ್ತಾವಸ್ಥೆ, ಇಲ್ಲ. ಕಾಯಿ ಬಲಿತ ಮೇಲೆ ಮಳೆ ಹಿಡಿದರೆ ನೆಲದೊಳಗೇ ಮೊಳೆಯುತ್ತದೆ. ಚಳ್ಳಕೆರೆ ಕಡೆ ಕಟಾವಿಗೆ ಮಳೆ ಸಿಕ್ಕಿಕೊಂಡರೆ ಕಿತ್ತ ಗಿಡದಲ್ಲೇ ಕಾಯಿ ಬಾಯಿಬಿಟ್ಟು ಬಿಳಿ ಬೇರು ಇಣುಕುತ್ತಿರುತ್ತದೆ. ಬಿತ್ತನೆಗೂ ಆಗಲ್ಲ, ಮಂಡಿಯಲ್ಲಿ ಬೆಲೆಯೂ ಇಲ್ಲ. ಬಳ್ಳಿಯಂತೆ ಹಬ್ಬುವ ಶೇಂಗಾಕ್ಕೆ ನಿದ್ದೆ ಇದೆ, ಆದರೆ ಜಾಸ್ತಿ. ರೈತರಿಗೆ ಬೇಕಿರುವುದು ಎರಡು ಮೂರು ವಾರದ ನಿದ್ದೆ. ಅದಕ್ಕೂ ಮೀರಿದರೆ ಮುಂಗಾರಿನ ಬೀಜವನ್ನೇ ಮುಂದಿನ ಬೆಳೆಗೆ ಬಿತ್ತೋದು ಕಷ್ಟ.

ಅದಕ್ಕೇ ನಿದ್ದೆ ಇರುವ ತಳಿಯನ್ನು ಇಲ್ಲದ ತಳಿಗೆ ಕ್ರಾಸ್ ಮಾಡಿದ್ದರು. ಎರಡನೇ ಪೀಳಿಗೆಯ ಒಂದೊಂದೇ ಗಿಡದ ಬೀಜ ಪರೀಕ್ಷಿಸುವುದು ನನ್ನ ಪಾಲಿಗೆ ಬಂತು. ನಾನು ಎಂದಿನಂತೆ ಕಾಯಿಯನ್ನು ಕಣದಲ್ಲಿ ಹರಡಿ ಚೆನ್ನಾಗಿ ಒಣಗಿಸಿದೆ. ಮೂರು ವಾರ ಬಿಟ್ಟು ಒದ್ದೆ ಪೇಪರಿನಲ್ಲಿ ಸುತ್ತಿಟ್ಟೆ. ಐದನೇ ದಿನ ಬಿಚ್ಚಿದರೆ ಎಲ್ಲವೂ ಮೊಳೆತಿದ್ದವು, ನಿದ್ದೆ ಇರಬೇಕಾದ ತಳಿಯೂ! ಬಿಸಿಲು, ಕಳೆದ ದಿನಗಳು ಎರಡೂ ಸೇರಿ ನಿದ್ದೆ ಕರಗಿಸಿದ್ದವು. ಜೀನ್ ಬೀಜದಲ್ಲೇ ಇತ್ತು, ನೋಡುವ ಹೊತ್ತು ಮೀರಿತ್ತು. ತಂಡದ ಒಂದು ಹಂಗಾಮಿನ ದುಡಿಮೆ ನೀರುಪಾಲಾಯಿತು. ಆ ಸಂಕಟ ಇನ್ನೂ ಮರೆತಿಲ್ಲ.

ಮರುವರ್ಷ ಕಿತ್ತ ದಿನವೇ ಕೈಯಲ್ಲಿ ಕಾಯಿ ಬಿಡಿಸಿದೆವು. ಸಿಪ್ಪೆಯ ಒಳಮೈ ಕಂದುಗಪ್ಪಾಗಿರುವ ಬಲಿತ ಕಾಯಿ ಮಾತ್ರ. ಎಳೆಕಾಯಿ ಸೇರಿದರೆ ಲೆಕ್ಕ ಕೆಡುತ್ತದೆ. ಐದನೇ ದಿನ ಕೆಲವು ಗಿಡಗಳ ಬೀಜ ಉದ್ದ ಬೇರು ಬಿಟ್ಟಿದ್ದವು. ಉಳಿದವು ನೀರು ಕುಡಿದು ದಪ್ಪಗಾಗಿ, ಗುಲಾಬಿ ಪೊರೆ ಬಿಗಿದುಕೊಂಡು ಸುಮ್ನೆ ಕೂತಿದ್ದವು. ಇಂಥವನ್ನು ಸತ್ತ ಬೀಜ ಅಂತ ಬರೆಯಬೇಡಿ. ಸತ್ತದ್ದು ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ಮಲಗಿದ್ದಕ್ಕೆ ಎಥ್ರೆಲ್ ದ್ರಾವಣ ತಾಗಿಸಿದರೆ ಅದರಿಂದ ಬಿಡುಗಡೆಯಾಗುವ ಎಥಿಲೀನ್ ಅನಿಲಕ್ಕೆ ಎಚ್ಚರಾಗಿ ಬೇರು ಬಿಡುತ್ತದೆ.

ಹೈದರಾಬಾದ್ ಹತ್ತಿರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಸಂಶೋಧಕರು ನಿದ್ದೆ ಇರುವ ಐಸಿಜಿವಿ 02266, ಇಲ್ಲದ ಐಸಿಜಿವಿ 97045 ತಳಿಗಳ ಕ್ರಾಸ್‌ನಲ್ಲಿ ಬಿ05 ಮತ್ತು ಎ09 ಕ್ರೋಮೋಸೋಮ್‌ಗಳ ಮೇಲೆ ಈ ನಿದ್ದೆಗೆ ಕಾರಣವಾಗಿರಬಹುದಾದ ಜೀನ್‌ಗಳನ್ನು ಗುರುತಿಸಿ 2020ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಒಂದು, ಬೀಜವನ್ನು ಮಲಗಿಸುವ ಅಬ್ಸಿಸಿಕ್ ಆಮ್ಲ ತಯಾರಾಗುವ ದಾರಿಯ ಕಿಣ್ವದ್ದು. ಇಂಥ ಜೀನ್ ಇದೆಯೇ ಎಂದು ತೋರಿಸುವ ಗುರುತು ಕೈಗೆ ಸಿಕ್ಕರೆ ಎಳೆ ಎಲೆಯ ಡಿಎನ್‌ಎ ನೋಡಿಯೇ ಗಿಡ ಆರಿಸಬಹುದು. ಆದರೆ ಆ ಗುರುತು ಹುಡುಕೋಕೂ ಮೊದಲು ಯಾರೋ ಒಬ್ಬರು ಒದ್ದೆ ಪೇಪರ್ ಬಿಚ್ಚಿ ಒಂದೊಂದೇ ಬೀಜ ಸರಿಯಾಗಿ ಎಣಿಸಿರಬೇಕು, ಅಲ್ವಾ?

ಈಗ ಪ್ರತಿ ಸುರುಳಿಯ ಮೇಲೆ ಗಿಡದ ನಂಬರ್ ಜೊತೆ ಕಿತ್ತ ದಿನ, ಗಂಟೆ ಎರಡನ್ನೂ ಬರೆಯುತ್ತೇನೆ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಒದ್ದೆಗೆ ಹರಡಿಬಿಡುತ್ತದೆ.