ಎರಡು ಪೆಗ್ಗಿನ ಅಳತೆ

ಕಾಸರಗೋಡಿನ ಒಳನಾಡಿನ ಒಂದು ಕುಟುಂಬ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸ್. ಬಿಪಿ-ಶುಗರ್ ಕ್ಲಿನಿಕ್ ಇರುವ ದಿನ ಬೆಳಿಗ್ಗೆಯೇ ಜಗಲಿ ತುಂಬಿರುತ್ತದೆ. ಬಿಪಿ ನೋಡು, ಕಾರ್ಡಿನಲ್ಲಿ ಬರೆ, ಡಾಕ್ಟರ ಹತ್ತಿರ ಕಳಿಸು. ಈ ಓಟದಲ್ಲಿ ಒಂದು ಪ್ರಶ್ನೆಯನ್ನು ವರ್ಷಗಟ್ಟಲೆ ನಾನು ಸರಿಯಾಗಿ ಕೇಳಿರಲಿಲ್ಲ.

ಕೂಲಿ ಕೆಲಸದವರು ಬಂದರೆ "ಕುಡೀತೀರಾ?" ಅನ್ನುತ್ತಿದ್ದೆ, ಅದೂ ನಾಲ್ಕು ಜನರ ಎದುರಿಗೆ. "ಇಲ್ಲ" ಅನ್ನುತ್ತಿದ್ದರು. ಮುಗೀತು. ದಿನಾ ಕಳ್ಳು ಕುಡಿಯುವವರೂ ಇಲ್ಲ ಅಂತಲೇ ಹೇಳುತ್ತಿದ್ದರು. ಅವರ ಲೆಕ್ಕದಲ್ಲಿ ಕಳ್ಳು ಕುಡಿತವೇ ಅಲ್ಲ. ಇನ್ನು ಬಿಳಿ ಪಂಚೆ ಉಟ್ಟು ಬರುವವರನ್ನು ಕೇಳಲು ನನಗೆ ನಾಲಿಗೆಯೇ ಏಳುತ್ತಿರಲಿಲ್ಲ.

ಅಂಥವರೊಬ್ಬರು ನಮ್ಮಲ್ಲಿಗೆ ಬರುತ್ತಿದ್ದರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ವಯಸ್ಸು 58, ಅಡಿಕೆ ತೋಟ ಉಂಟು, ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾರೆ. ಬಿಪಿ ಹೆಚ್ಚಾಗಿ 160ರಿಂದ ಕೆಳಗಿಳಿಯುತ್ತಿರಲಿಲ್ಲ. ಒಂದು ಮಾತ್ರೆ ಎರಡಾಯಿತು, ಎರಡು ಮೂರಾಯಿತು. ಉಪ್ಪಿನಕಾಯಿ ಬಿಡಿ ಅಂತ ಪ್ರತಿ ಸಲ ಹೇಳಿದೆ. ಕುಡಿತದಿಂದ ಬಿಪಿ ಏರುತ್ತದೆ ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಒಂದೂವರೆ ವರ್ಷ ಕೇಳಲಿಲ್ಲ. ಆ ತಪ್ಪು ನನ್ನದೇ.

ಆಮೇಲೆ ಒಂದು ತರಬೇತಿಯಲ್ಲಿ, ಕುಡಿತ ಎಷ್ಟರ ಮಟ್ಟಿಗಿದೆ ಅಂತ ತಿಳಿಯುವ 'ಆಡಿಟ್' ಪ್ರಶ್ನೆಗಳನ್ನು ಕಲಿತೆ. ವಿಶ್ವ ಆರೋಗ್ಯ ಸಂಸ್ಥೆ ಮಾಡಿದ್ದು. ಒಟ್ಟು 10 ಪ್ರಶ್ನೆ, 40 ಅಂಕ. ಪುರುಸೊತ್ತಿಲ್ಲದಿದ್ದರೆ ಶುರುವಿಗೆ ಮೊದಲ ಮೂರು ಸಾಕು: ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ, ಕುಡಿದ ದಿನ ಎಷ್ಟು, ಒಂದೇ ಸಲಕ್ಕೆ ಆರು ಅಳತೆ ಅಥವಾ ಜಾಸ್ತಿ ಆಗುವುದು ಎಷ್ಟು ಸಲ. ಈ ಮೂರರಲ್ಲಿ ಗಂಡಸರಿಗೆ 4, ಹೆಂಗಸರಿಗೆ 3 ಅಂಕ ಬಂದರೆ ಉಳಿದದ್ದನ್ನೂ ಕೇಳಬೇಕು. ಒಂದು ಅಳತೆಯಲ್ಲಿ 10 ಗ್ರಾಂ ಆಲ್ಕೋಹಾಲ್. ಬ್ರಾಂಡಿ, ರಮ್ ಆದರೆ ಸುಮಾರು 30 ಎಂಎಲ್.

ಮುಂದಿನ ಸಲ ಅವರು ಬಂದಾಗ ಇಂಜೆಕ್ಷನ್ ಕೋಣೆಗೆ ಕರೆದು ಬಾಗಿಲು ಓರೆ ಮಾಡಿದೆ. "ಬಿಪಿ ಇರುವ ಎಲ್ಲರ ಹತ್ತಿರವೂ ಕೇಳ್ತಾ ಇದ್ದೇನೆ ಅಣ್ಣ. ಕಳ್ಳು, ಬಿಯರು, ಬ್ರಾಂಡಿ, ಯಾವುದಾದರೂ ತಗೊಳ್ಳುವುದುಂಟಾ?" ಅವರು ಸಿಟ್ಟಾಗಲಿಲ್ಲ. "ಜಾಸ್ತಿ ಇಲ್ಲ ಸಿಸ್ಟರ್, ರಾತ್ರಿ ಊಟಕ್ಕೆ ಮೊದಲು ಎರಡು ಪೆಗ್ಗು" ಅಂದರು, ಮಾತ್ರೆಯ ಹೆಸರು ಹೇಳಿದಷ್ಟೇ ಸಲೀಸಾಗಿ. ಇಷ್ಟು ದಿನ ಹೆದರಿದ್ದು ನಾನು ಮಾತ್ರ.

ದಿನಾ ಕುಡಿದರೆ 4 ಅಂಕ, ಎರಡೇ ಅಳತೆಯಾದರೆ ಸೊನ್ನೆ, ಆರು ಆಗುವುದೇ ಇಲ್ಲ ಅಂದರೆ ಸೊನ್ನೆ. ಒಟ್ಟು 4. ಅಷ್ಟು ಬರೆದು ಕಳಿಸಬಹುದಿತ್ತು. ಯಾಕೋ ಮೇಜಿನ ಮೇಲಿದ್ದ ಸ್ಟೀಲ್ ಲೋಟ ಕೊಟ್ಟು, "ನಿಮ್ಮ ಒಂದು ಪೆಗ್ಗು ಎಷ್ಟಂತ ನೀರು ಹಾಕಿ ತೋರಿಸ್ತೀರಾ?" ಅಂದೆ. ಜಗ್ಗಿನಿಂದ ಹಾಕಿದರು. ಲೋಟವನ್ನು ಕಣ್ಣಿನ ಎತ್ತರಕ್ಕೆ ಹಿಡಿದು ನೋಡಿ, ಇನ್ನೊಂದಿಷ್ಟು ಹಾಕಿದರು. ಔಷಧಿ ಅಳೆಯುವ 30 ಎಂಎಲ್ ಕಪ್ಪಿಗೆ ಅದನ್ನು ಸುರಿದೆ. ತುಂಬಿತು. ಚೆಲ್ಲಿ ಇನ್ನೊಮ್ಮೆ ಸುರಿದೆ. ಮೂರು ಸಲ ತುಂಬಿತು.

ನಾನು ಏನೂ ಹೇಳಲಿಲ್ಲ. ಅವರೇ "ಹಾಗಾದರೆ ದಿನಾ ಒಂದು ಕ್ವಾರ್ಟರಾ?" ಅಂದರು.

ಕ್ವಾರ್ಟರ್ ಅಂದರೆ 180 ಎಂಎಲ್, ಆರು ಅಳತೆ. ಮೂರು ಪ್ರಶ್ನೆಗೆ 4ರ ಬದಲು 10 ಅಂಕ. ಹತ್ತೂ ಕೇಳಿದಾಗ 16 ಆಯಿತು. 8ರಿಂದ 15ರ ವರೆಗೆ ಸರಳ ಸಲಹೆ, 16ರಿಂದ 19ಕ್ಕೆ ಕೂತು ಮಾತಾಡಿ ಮತ್ತೆ ಮತ್ತೆ ವಿಚಾರಿಸುವುದು, 20 ಅಥವಾ ಜಾಸ್ತಿ ಆದರೆ ವ್ಯಸನದ ಚಿಕಿತ್ಸೆ ಬಲ್ಲ ಡಾಕ್ಟರ ಹತ್ತಿರ ಕಳಿಸುವುದು.

ಶಬರಿಮಲೆಗೆ ಮಾಲೆ ಹಾಕಿದ 41 ದಿನ ತಾನು ಮುಟ್ಟುವುದೇ ಇಲ್ಲ ಅಂತ ಅವರು ಹೇಳಿದರು. ಆಗ ಕೈ ನಡುಗಿತ್ತಾ, ನಿದ್ದೆ ಕೆಟ್ಟಿತ್ತಾ ಅಂತ ಕೇಳಿದೆ. ಇಲ್ಲ ಅಂದರು. ಕಾರ್ಡು ತಿರುವಿ ನೋಡಿದೆ. ಹಿಂದಿನ ಡಿಸೆಂಬರಿನಲ್ಲಿ, ಮಾಲೆ ಹಾಕಿದ್ದಾಗ, ಬಿಪಿ 144/90. ನನ್ನದೇ ಅಕ್ಷರ. ಆ ಸಂಖ್ಯೆಗೆ ಬೆರಳಿಟ್ಟು ಅವರಿಗೆ ತೋರಿಸಿದೆ. ಅವರು ತುಂಬ ಹೊತ್ತು ಕಾರ್ಡನ್ನೇ ನೋಡುತ್ತಾ ಕೂತರು.

"ಬಿಟ್ಟರೆ ಒಳ್ಳೆಯದು ಅಣ್ಣ. ಎಷ್ಟು, ಹೇಗೆ ಅಂತ ನೀವೇ ಹೇಳಿ" ಅಂದೆ. ಲೋಟದ ಬದಲು ಅಳತೆ ಕಪ್ಪು, ವಾರಕ್ಕೆ ಮೂರು ದಿನ ಏನೂ ಇಲ್ಲ, ಮನೆಯಲ್ಲಿ ಬಾಟಲಿ ಇಡುವುದಿಲ್ಲ. ಮೂರನ್ನೂ ಅವರೇ ಆರಿಸಿದ್ದು. ಲೋಟ ಕೊಟ್ಟಲ್ಲಿಂದ ಇಲ್ಲಿಯವರೆಗೆ ಹತ್ತು ನಿಮಿಷ ಹಿಡಿದಿರಬಹುದು.

ಇದೇ ಕೆಲಸದಲ್ಲಿರುವವರಿಗೆ ಒಂದು ಮಾತು ಹೇಳಲೇಬೇಕು. ಎಲ್ಲರಿಗೂ ಹೀಗೆ ಹೇಳಿ ಕಳಿಸಬಾರದು. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರು, ನಡುಕ ನಿಲ್ಲಿಸಲಿಕ್ಕೇ ಒಂದು ಗುಟುಕು ಹಾಕುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು-ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು. ಜೀವಕ್ಕೇ ಅಪಾಯ. ಅವರಿಗೆ "ಇವತ್ತೇ ನಿಲ್ಲಿಸಿ" ಅನ್ನಬೇಡಿ, ಆವತ್ತೇ ಡಾಕ್ಟರಿಗೆ ತೋರಿಸಿ. ನಮ್ಮ ಕೇರಳದಲ್ಲಿ ಕುಡಿತ ಬಿಡಿಸಲು ಸರಕಾರದ 'ವಿಮುಕ್ತಿ' ಕೇಂದ್ರಗಳಿವೆ. ಮನೆಯವರಿಗೆ ಮಾತಾಡಲು ಯಾರಾದರೂ ಬೇಕಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ದುಡ್ಡು ಬೇಡ.

ಅವರು ತಿಂಗಳು ಬಿಟ್ಟು ಬಂದರು. ಬಿಪಿ 146/90. ವಾರಕ್ಕೆ ಮೂರು ದಿನ ಅಂದದ್ದು ಎರಡೇ ದಿನ ಆಗಿದೆ, ನೆಂಟರ ಮನೆಯ ಮದುವೆಯಲ್ಲಿ ಲೆಕ್ಕ ತಪ್ಪಿದೆ. ಎಲ್ಲವನ್ನೂ ಅವರೇ ಹೇಳಿದರು, ನಾನು ಕೇಳುವ ಮೊದಲೇ. ಕಾರ್ಡಿನಲ್ಲಿ ಬಿಪಿಯ ಪಕ್ಕ ಅದನ್ನೂ ಬರೆದುಕೊಂಡೆ, ಮುಂದಿನ ತಾರೀಖು ಕೊಟ್ಟೆ.